‘ಮಾರ್ಗಮಧ್ಯೆ ಮೃತಪಟ್ಟರು’ ಎಂದು ಬರೆಯುವ ಮುನ್ನ

ಪತ್ರಿಕೋದ್ಯಮ ಓದಿದವರಿಗೆಲ್ಲ ಯೋಚಿಸದೆಯೇ ಕೈಗೆ ಬರುವ ಒಂದು ವಾಕ್ಯವಿದೆ: ‘ಹೆಚ್ಚಿನ ಚಿಕಿತ್ಸೆಗಾಗಿ ಜಿಲ್ಲಾಸ್ಪತ್ರೆಗೆ ಸಾಗಿಸುವಾಗ ಮಾರ್ಗಮಧ್ಯೆ ಮೃತಪಟ್ಟರು.’ ಈ ಬ್ಲಾಗಿನಲ್ಲಿ ಬರೆಯುವ ನಾವೆಲ್ಲ ಒಂದಲ್ಲ ಒಂದು ಪತ್ರಿಕೆಗೆ ಹೋಬಳಿಯಿಂದ ಸುದ್ದಿ ಕಳಿಸಿದವರೇ. ಈ ವಾಕ್ಯವನ್ನು ಎಷ್ಟು ಸಲ ಬರೆದಿದ್ದೇವೋ ಲೆಕ್ಕವಿಟ್ಟಿಲ್ಲ. ಹಾವು ಕಚ್ಚಿದವರಿಗೆ, ಬೈಕಿನಿಂದ ಬಿದ್ದವರಿಗೆ, ಎದೆನೋವು ಬಂದವರಿಗೆ, ಹೆರಿಗೆಯಾದ ಮೇಲೆ ರಕ್ತ ನಿಲ್ಲದ ತಾಯಂದಿರಿಗೆ ಎಲ್ಲರಿಗೂ ಇದೇ ವಾಕ್ಯ. ಹೆಸರು, ವಯಸ್ಸು, ಊರು ಬದಲಾಗುತ್ತದೆ, ಅಷ್ಟೇ.

ತರಗತಿಯಲ್ಲಿ ಮೇಷ್ಟ್ರು ಯಾರು, ಏನು, ಯಾವಾಗ, ಎಲ್ಲಿ, ಏಕೆ, ಹೇಗೆ ಎಂದು ಕೇಳಿಸಿ ಕೇಳಿಸಿ ಬಾಯಿಪಾಠ ಮಾಡಿಸಿದ್ದರು. ಈ ವಾಕ್ಯದ ಮುಂದೆ ಮಾತ್ರ ನಾವು ಆ ಪ್ರಶ್ನೆಗಳನ್ನು ಇಡಲೇ ಇಲ್ಲ. ‘ಹೆಚ್ಚಿನ ಚಿಕಿತ್ಸೆ’ ಎಂದರೆ ಅದಕ್ಕೂ ಮೊದಲು ಒಂದು ಚಿಕಿತ್ಸೆ ಆಗಿತ್ತು ಎಂದರ್ಥ ತಾನೆ? ಆ ಮೊದಲ ಚಿಕಿತ್ಸೆ ಏನು? ಎಲ್ಲಿ ಆಯಿತು? ಎಷ್ಟು ಗಂಟೆಗೆ ಆಯಿತು? ಯಾರೂ ಕೇಳುವುದಿಲ್ಲ. ನಾವೂ ಕೇಳಿರಲಿಲ್ಲ, ಕಳೆದ ಮಳೆಗಾಲದಲ್ಲಿ ಆ ವಾಕ್ಯ ನಮ್ಮ ಮನೆಯೊಳಗೇ ಕಾಲಿಡುವ ತನಕ.

ಮೂರೂಮುಕ್ಕಾಲು ಗಂಟೆ

ನಮ್ಮಲ್ಲೊಬ್ಬನ ಚಿಕ್ಕಪ್ಪ ಗದ್ದೆಯ ಬದುವಿನಲ್ಲಿ ನೀರು ತಿರುಗಿಸಲು ಹೋಗಿದ್ದರು. ಸಂಜೆ ಆರೂವರೆ ದಾಟಿತ್ತು. ಹಿಮ್ಮಡಿಯ ಮೇಲೆ ಕಚ್ಚಿತು. ಕಚ್ಚಿದ್ದನ್ನು ಬ್ಯಾಟರಿ ಬೆಳಕಿನಲ್ಲಿ ಅವರೇ ನೋಡಿದರು: ಕೊಳಕುಮಂಡಲ. ಚಿಕ್ಕಪ್ಪ ಓಡಲಿಲ್ಲ, ಕೂಗಿ ಕರೆದರು. ಮನೆಯವರು ಹಗ್ಗ ಕಟ್ಟಲಿಲ್ಲ, ಕೊಯ್ಯಲಿಲ್ಲ, ನಾಟಿ ಮದ್ದಿಗೂ ಹೋಗಲಿಲ್ಲ. ಪಕ್ಕದ ಮನೆಯ ಗೂಡ್ಸ್ ಆಟೊದಲ್ಲಿ ಕೂರಿಸಿಕೊಂಡು ಹೋಬಳಿಯ ಸಮುದಾಯ ಆರೋಗ್ಯ ಕೇಂದ್ರಕ್ಕೆ ಹೋದರು. ನಮ್ಮಲ್ಲಿಬ್ಬರು ಹಿಂದೆ ಬೈಕಿನಲ್ಲಿದ್ದೆವು. ಆಸ್ಪತ್ರೆ ಮುಟ್ಟಿದಾಗ ಏಳೂಕಾಲು. ಜನ ಏನು ಮಾಡಬೇಕು ಎಂದು ಆರೋಗ್ಯ ಇಲಾಖೆಯ ಭಿತ್ತಿಪತ್ರ ಹೇಳುತ್ತದೋ ಅದನ್ನೆಲ್ಲ ಆ ಮನೆ ಮಾಡಿತ್ತು.

ಆಸ್ಪತ್ರೆಯ ಗೋಡೆಯ ಮೇಲೆ ‘24 ಗಂಟೆ ತುರ್ತು ಸೇವೆ’ ಎಂಬ ಫಲಕವಿತ್ತು. ಒಳಗೆ ಒಬ್ಬ ಡಾಕ್ಟರು, ಒಬ್ಬ ಸಿಸ್ಟರು, ಒಬ್ಬ ಗ್ರೂಪ್ ಡಿ ನೌಕರ. ಡಾಕ್ಟರು ಕಾಲು ನೋಡಿದರು. ಬಾವು ಆಗಲೇ ಹಿಮ್ಮಡಿ ದಾಟಿ ಮೀನಖಂಡಕ್ಕೆ ಏರಿತ್ತು. ಒಂದು ಟಿಟಿ ಚುಚ್ಚಿದರು, ಒಂದು ಬಾಟಲಿ ಏರಿಸಿದರು, ಚೀಟಿ ಬರೆದರು. 108 ಬೇರೆ ಕಡೆ ಹೋಗಿತ್ತು. ಬರುವಷ್ಟರಲ್ಲಿ ಎಂಟು ಗಂಟೆ ಆಯಿತು. ಜಿಲ್ಲಾಸ್ಪತ್ರೆಗೆ ಸುಮಾರು 70 ಕಿ.ಮೀ., ಅರ್ಧ ದಾರಿ ಗುಂಡಿ. ದಾರಿಯಲ್ಲೇ ಚಿಕ್ಕಪ್ಪನ ಒಸಡಿನಿಂದ ರಕ್ತ ಜಿನುಗತೊಡಗಿತು. ಮುಟ್ಟಿದಾಗ ಹತ್ತು ಗಂಟೆಗೆ ಹತ್ತು ನಿಮಿಷ ಬಾಕಿ. ಅಲ್ಲಿ ಪ್ರತಿವಿಷದ ಮೊದಲ ಹನಿ ಅವರ ಮೈಗೆ ಇಳಿದಾಗ ಹತ್ತೂ ಇಪ್ಪತ್ತು. ಕಚ್ಚಿದ ಹೊತ್ತಿನಿಂದ ಲೆಕ್ಕ ಹಾಕಿದರೆ ಹತ್ತಿರ ಹತ್ತಿರ ಮೂರೂಮುಕ್ಕಾಲು ಗಂಟೆ.

ಚಿಕ್ಕಪ್ಪ ಬದುಕಿದರು. ಆದರೆ ಮೂತ್ರಪಿಂಡ ಕೈಕೊಟ್ಟಿತು. ಹನ್ನೊಂದು ಸಲ ಡಯಾಲಿಸಿಸ್ ಆಯಿತು. ಸರ್ಕಾರಿ ಆಸ್ಪತ್ರೆಯಾದ್ದರಿಂದ ಡಯಾಲಿಸಿಸ್‌ಗೆ ದುಡ್ಡು ಹೋಗಲಿಲ್ಲ. ಆದರೆ ಚಿಕ್ಕಮ್ಮ ಆರು ವಾರ ಆಸ್ಪತ್ರೆಯ ವರಾಂಡದಲ್ಲಿ ಮಲಗಿದರು, ನಾಟಿ ತಪ್ಪಿತು, ಹಾಲು ಕೊಡುತ್ತಿದ್ದ ಎರಡು ಹಸು ಮಾರಿಹೋದವು. ಈಗಲೂ ಅವರಿಗೆ ಹೆಚ್ಚು ಹೊತ್ತು ನಿಂತು ಕೆಲಸ ಮಾಡಲು ಆಗುವುದಿಲ್ಲ.

ಆಮೇಲೆ ತಿಳಿದ ವಿಷಯ ನಮ್ಮನ್ನು ಈ ಬರಹಕ್ಕೆ ಕೂರಿಸಿದೆ. ಆ ಸಂಜೆ ನಮ್ಮ ಹೋಬಳಿ ಆಸ್ಪತ್ರೆಯ ಫ್ರಿಜ್‌ನಲ್ಲಿ ಪ್ರತಿವಿಷ ಇತ್ತು. ಅವಧಿ ಮೀರಿರಲಿಲ್ಲ, ಸಾಕಷ್ಟು ಇತ್ತು. ಕೊಡಲಿಲ್ಲ.

ಮಾಡಬಹುದಾಗಿದ್ದು ಏನು?

ಇದು ದೊಡ್ಡ ಆಸ್ಪತ್ರೆಯ ವಿದ್ಯೆಯಲ್ಲ ಎನ್ನುವುದು ಮುಖ್ಯ. ನಮ್ಮ ದೇಶದಲ್ಲಿ ಹೆಚ್ಚಿನ ಸಾವಿಗೆ ಕಾರಣವಾಗುವ ಹಾವುಗಳು ನಾಲ್ಕು: ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ. ಈ ನಾಲ್ಕರ ವಿಷಕ್ಕೂ ಒಂದೇ ಪ್ರತಿವಿಷ. ಕಚ್ಚಿದ್ದು ಯಾವ ಹಾವು ಎಂದು ಗೊತ್ತಿಲ್ಲದಿದ್ದರೂ ನಡೆಯುತ್ತದೆ. ಹಾವನ್ನು ಕೊಂದು ಚೀಲದಲ್ಲಿ ತರಬೇಕಾಗಿಯೂ ಇಲ್ಲ.

ಮಂಡಲದ ವಿಷ ರಕ್ತ ಹೆಪ್ಪುಗಟ್ಟುವ ಗುಣವನ್ನು ಕೆಡಿಸುತ್ತದೆ. ಅದನ್ನು ಕಂಡುಹಿಡಿಯಲು ಬೇಕಾದದ್ದು ಒಂದು ಶುಭ್ರವಾದ ಒಣ ಗಾಜಿನ ಕೊಳವೆ ಮತ್ತು ಒಂದು ಗಡಿಯಾರ. ಎರಡು ಮಿಲಿಲೀಟರ್ ರಕ್ತ ತೆಗೆದು ಕೊಳವೆಗೆ ಹಾಕಿ ಅಲ್ಲಾಡಿಸದೆ 20 ನಿಮಿಷ ಇಡಬೇಕು. ಆಮೇಲೆ ಕೊಳವೆ ಓರೆ ಮಾಡಿದಾಗ ರಕ್ತ ಗಟ್ಟಿಯಾಗದೆ ಹರಿದರೆ ವಿಷ ಏರಿದೆ ಎಂದು ಅರ್ಥ. ಆಗ ಪ್ರತಿವಿಷ ಶುರು ಮಾಡಬೇಕು, ಸಾಮಾನ್ಯವಾಗಿ ಮೊದಲ ಕಂತಿನಲ್ಲಿ 8ರಿಂದ 10 ವಯಲ್. ಕಚ್ಚಿದವರಿಗೆಲ್ಲ ಕೊಡಬೇಕು ಎಂದಲ್ಲ, ವಿಷದ ಲಕ್ಷಣ ಇದ್ದವರಿಗೆ ಮಾತ್ರ. ಪ್ರತಿವಿಷವು ಕುದುರೆಯ ರಕ್ತದಿಂದ ತಯಾರಾಗುವುದರಿಂದ ಕೆಲವರಿಗೆ ಮೈ ದದ್ದೇಳುವುದು, ಉಸಿರು ಕಟ್ಟುವುದು, ರಕ್ತದೊತ್ತಡ ಕುಸಿಯುವುದು ಆಗಬಹುದು. ಅದಕ್ಕೆ ಪಕ್ಕದಲ್ಲೇ ಅಡ್ರಿನಲಿನ್ ತುಂಬಿದ ಸಿರಿಂಜ್ ಇಟ್ಟುಕೊಂಡಿರಬೇಕು. ಇಷ್ಟೇ. ಗಾಜಿನ ಕೊಳವೆ, ಗಡಿಯಾರ, ಪ್ರತಿವಿಷ, ಅಡ್ರಿನಲಿನ್. ಇದಕ್ಕೆ ಐಸಿಯು ಬೇಡ, ತಜ್ಞರು ಬೇಡ. ಎಂಬಿಬಿಎಸ್ ಓದಿದ ಒಬ್ಬ ಡಾಕ್ಟರು ಮತ್ತು ಒಬ್ಬ ಸಿಸ್ಟರು ಸಾಕು.

ನಮ್ಮ ಹೋಬಳಿ ಆಸ್ಪತ್ರೆಯಲ್ಲಿ ಚಿಕ್ಕಪ್ಪ 108ಕ್ಕೆ ಕಾಯುತ್ತ ಮಲಗಿದ್ದು ಮುಕ್ಕಾಲು ಗಂಟೆ. ಆ ಮುಕ್ಕಾಲು ಗಂಟೆಯಲ್ಲಿ ಆ ಪರೀಕ್ಷೆ ಎರಡು ಸಲ ಮಾಡಬಹುದಿತ್ತು.

ಭಾರತದಲ್ಲಿ 2000ದಿಂದ 2019ರ ತನಕ ಹಾವು ಕಚ್ಚಿ ಸತ್ತವರು ಸುಮಾರು 12 ಲಕ್ಷ, ವರ್ಷಕ್ಕೆ ಸರಾಸರಿ 58 ಸಾವಿರ ಎಂದು 2020ರಲ್ಲಿ ಪ್ರಕಟವಾದ ಅಧ್ಯಯನ ಅಂದಾಜು ಮಾಡಿದೆ. ಹೆಚ್ಚಿನವರು ಹಳ್ಳಿಯವರು, ಮಳೆಗಾಲದಲ್ಲಿ ಹೊಲಗದ್ದೆಯಲ್ಲಿ ಇದ್ದವರು. 2024ರ ಫೆಬ್ರುವರಿಯಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆ ಎಂದು ಘೋಷಿಸಿತು. ಅದಾದ ಮರುತಿಂಗಳು ಕೇಂದ್ರ ಸರ್ಕಾರ 2030ರೊಳಗೆ ಈ ಸಾವುಗಳನ್ನು ಅರ್ಧಕ್ಕೆ ಇಳಿಸುವ ಕಾರ್ಯಯೋಜನೆ ತಂದಿತು. ಎರಡೂ ಒಳ್ಳೆಯ ಹೆಜ್ಜೆಗಳೇ. ಆದರೆ ಅವು ಬೆಂಗಳೂರು, ದೆಹಲಿಯಿಂದ ಹೊರಟು ಏಳೂಕಾಲು ಗಂಟೆಯ ನಮ್ಮ ಆಸ್ಪತ್ರೆಯ ಮೇಜಿನ ತನಕ ಬರಬೇಕಲ್ಲ?

ಡಾಕ್ಟರನ್ನು ಬೈದರೆ ಮುಗಿಯಿತೇ?

ಮೊದಲು ನಮಗೂ ಬಂದದ್ದು ಸಿಟ್ಟೇ. ‘ವೈದ್ಯರ ನಿರ್ಲಕ್ಷ್ಯ’ ಎಂದು ತಲೆಬರಹ ಕೊಟ್ಟು ಬರೆದುಬಿಡೋಣ ಎಂದು ಕೂತಿದ್ದೆವು. ಬರೆಯುವ ಮುನ್ನ ಇನ್ನೊಂದು ಕಡೆಯನ್ನೂ ಕೇಳಬೇಕು ಎಂದು ಕಲಿತವರಲ್ಲವೇ? ಎರಡು ತಿಂಗಳ ಮೇಲೆ ಹೋಗಿ ಆ ಡಾಕ್ಟರನ್ನು ಮಾತಾಡಿಸಿದೆವು. ತಪ್ಪಿಸಿಕೊಳ್ಳಲಿಲ್ಲ, ಕೂರಿಸಿ ಮಾತಾಡಿದರು.

ಅವರು ಗುತ್ತಿಗೆಯ ಮೇಲೆ ಬಂದವರು, ಕಾಲೇಜು ಮುಗಿಸಿ ಹೆಚ್ಚು ದಿನವಾಗಿಲ್ಲ. ಅವತ್ತು ಬೆಳಗ್ಗೆ ಒಂಬತ್ತರಿಂದ ಹೊರರೋಗಿಗಳನ್ನು ನೋಡಿ, ರಾತ್ರಿ ಡ್ಯೂಟಿಗೂ ಅವರೇ ಉಳಿದಿದ್ದರು. ಪ್ರತಿವಿಷ ಕೊಡುವುದನ್ನು ಓದಿದ್ದರು, ತಮ್ಮ ಕೈಯಿಂದ ಒಮ್ಮೆಯೂ ಕೊಟ್ಟಿರಲಿಲ್ಲ. ಕೊಟ್ಟ ಮೇಲೆ ರೋಗಿಗೆ ಉಸಿರು ಕಟ್ಟಿದರೆ ಒಬ್ಬರೇ ಏನು ಮಾಡುವುದು ಎಂಬ ಹೆದರಿಕೆ. ಆ ಹೊತ್ತಿನಲ್ಲಿ ಫೋನು ಮಾಡಿ ‘ಸರ್, ಹೀಗಾಗಿದೆ, ಕೊಡಲೇ?’ ಎಂದು ಕೇಳಲು ಯಾವ ನಂಬರೂ ಅವರಲ್ಲಿ ಇರಲಿಲ್ಲ. ಅವರಿಗಿಂತ ಮೊದಲು ಅಲ್ಲಿದ್ದ ಡಾಕ್ಟರಿಗೆ, ರೋಗಿ ತೀರಿಕೊಂಡರು ಎಂಬ ಕಾರಣಕ್ಕೆ ಜನ ಹೊಡೆದಿದ್ದರು. ಆ ಕಥೆ ಅವರಿಗೆ ಕೆಲಸಕ್ಕೆ ಸೇರಿದ ದಿನವೇ ಕಿವಿಗೆ ಬಿದ್ದಿತ್ತು.

ಇಲ್ಲಿ ಕೊಟ್ಟು ಏನಾದರೂ ಆದರೆ ಅದು ಡಾಕ್ಟರ ತಲೆಗೆ. ಕೊಡದೆ ಕಳಿಸಿ ದಾರಿಯಲ್ಲಿ ಏನಾದರೂ ಆದರೆ ಅದು ಯಾರ ತಲೆಗೂ ಅಲ್ಲ, ‘ಮಾರ್ಗಮಧ್ಯೆ’. ಈ ಲೆಕ್ಕವನ್ನು ಆ ಯುವ ಡಾಕ್ಟರು ಮಾಡಿದ್ದಲ್ಲ, ನಮ್ಮ ವ್ಯವಸ್ಥೆ ಮಾಡಿಟ್ಟಿದ್ದು. ಆ ಲೆಕ್ಕಕ್ಕೆ ಬೇಕಾದ ಪದವನ್ನು ಒದಗಿಸಿದವರು ನಾವು, ಸುದ್ದಿ ಬರೆಯುವವರು.

ಕಳಿಸುವುದೇ ತಪ್ಪು ಎಂದು ನಾವು ಹೇಳುತ್ತಿಲ್ಲ. ತಲೆಗೆ ಪೆಟ್ಟು ಬಿದ್ದವರಿಗೆ ಸ್ಕ್ಯಾನ್ ಬೇಕು, ಮೂತ್ರಪಿಂಡ ನಿಂತವರಿಗೆ ಡಯಾಲಿಸಿಸ್ ಬೇಕು, ಅದು ಹೋಬಳಿಯಲ್ಲಿ ಆಗುವ ಕೆಲಸವಲ್ಲ. ಕಳಿಸಲೇಬೇಕು. ಆದರೆ ಮೊದಲ ಗಂಟೆಯಲ್ಲಿ ಮಾಡಬೇಕಾದ್ದನ್ನು ಮಾಡಿ ಕಳಿಸುವುದು ಬೇರೆ, ಏನೂ ಮಾಡದೆ ಚೀಟಿ ಬರೆದು ಕಳಿಸುವುದು ಬೇರೆ. ಮೊದಲನೆಯದು ಚಿಕಿತ್ಸೆಯ ಒಂದು ಭಾಗ. ಎರಡನೆಯದು ರೋಗಿಯನ್ನು ಅಂಗಳದಿಂದಾಚೆ ದಾಟಿಸುವುದು.

ಫಲಕ ಹೇಳುವುದು, ಒಳಗೆ ಇರುವುದು

ಸಮುದಾಯ ಆರೋಗ್ಯ ಕೇಂದ್ರ ಎಂದರೆ ಮಾತ್ರೆ ಕೊಡುವ ದವಾಖಾನೆಯಲ್ಲ. ಬಯಲುಸೀಮೆಯಲ್ಲಿ 1,20,000 ಜನರಿಗೆ, ಗುಡ್ಡಗಾಡು ಮತ್ತು ಬುಡಕಟ್ಟು ಪ್ರದೇಶಗಳಲ್ಲಿ 80,000 ಜನರಿಗೆ ಒಂದರಂತೆ ಇರಬೇಕಾದ, 30 ಹಾಸಿಗೆಯ ಆಸ್ಪತ್ರೆ ಅದು. ಶಸ್ತ್ರಚಿಕಿತ್ಸಕರು, ಫಿಜಿಷಿಯನ್, ಪ್ರಸೂತಿ ತಜ್ಞರು, ಮಕ್ಕಳ ತಜ್ಞರು ಅಲ್ಲಿ ಇರಬೇಕು ಎನ್ನುವುದು ಸರ್ಕಾರದ್ದೇ ಮಾನದಂಡ. ನಿಜಸ್ಥಿತಿಯನ್ನೂ ಸರ್ಕಾರವೇ ಹೇಳಿದೆ. ಕೇಂದ್ರ ಆರೋಗ್ಯ ಸಚಿವಾಲಯದ 2021–22ರ ಗ್ರಾಮೀಣ ಆರೋಗ್ಯ ಅಂಕಿಅಂಶಗಳ ಪ್ರಕಾರ ದೇಶದ ಈ ಕೇಂದ್ರಗಳಿಗೆ ಬೇಕಾದ ತಜ್ಞರಲ್ಲಿ ಶೇ 80ರ ಹತ್ತಿರ ಕೊರತೆ. ಐವರು ಇರಬೇಕಾದಲ್ಲಿ ಒಬ್ಬರು ಎಂದಾಯಿತು.

ತಜ್ಞರು ಬರಬೇಕು ಎಂದು ಕೇಳುವುದನ್ನು ಬಿಡಬಾರದು. ಆದರೆ ತಜ್ಞರು ಬರುವ ತನಕ ಏನೂ ಮಾಡಲಾಗದು ಎಂಬ ಮಾತನ್ನು ಒಪ್ಪಲೂಬಾರದು. ಮೊದಲ ಗಂಟೆಯಲ್ಲಿ ಜೀವ ಉಳಿಸುವ ಕೆಲಸಗಳಲ್ಲಿ ಹೆಚ್ಚಿನವು ತಜ್ಞರ ಕೆಲಸಗಳೇ ಅಲ್ಲ. ಹೆರಿಗೆಯ ನಂತರದ ರಕ್ತಸ್ರಾವ ಒಂದೆರಡು ಗಂಟೆಯಲ್ಲೇ ತಾಯಿಯ ಜೀವ ತೆಗೆಯಬಲ್ಲದು. ಅದಕ್ಕೆ ಮೊದಲ ಮದ್ದು ಫ್ರಿಜ್‌ನಲ್ಲಿ ತಂಪಾಗಿ ಇಟ್ಟ ಆಕ್ಸಿಟೋಸಿನ್. ಜೊತೆಗೆ ಮೂರು ಗಂಟೆಯೊಳಗೆ ಟ್ರನೆಕ್ಸಾಮಿಕ್ ಆ್ಯಸಿಡ್ ಕೊಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲೇ ಹೇಳಿದೆ. ಬೆಳೆಗೆ ಹೊಡೆಯುವ ಔಷಧಿ ಮೈಸೇರಿದವರಲ್ಲಿ ಬಹಳ ಜನರಿಗೆ ಮೊದಲು ಬೇಕಾದದ್ದು ಅಟ್ರೋಪಿನ್. ಅದೂ ಒಂದು ಚುಚ್ಚುಮದ್ದು ಕೊಟ್ಟು ಸುಮ್ಮನಾಗುವುದಲ್ಲ, ಎದೆಯ ಗೊರಗೊರ ನಿಲ್ಲುವ ತನಕ ಕೂತು ನೋಡುತ್ತ ಕೊಡುವುದು. ಕಟ್ಟುಹಾವು ಕಚ್ಚಿ ಉಸಿರಾಟದ ಸ್ನಾಯು ಸೋತವರಿಗೆ ಕೈಯಲ್ಲಿ ಒತ್ತುವ ಗಾಳಿಚೀಲ ಮತ್ತು ಅದನ್ನು ದಾರಿಯುದ್ದಕ್ಕೂ ಬಿಡದೆ ಒತ್ತುವ ಕೈ ಬೇಕು. ಇವು ಯಾವುವೂ ಮುಂದಿನ ಊರಿನ ತನಕ ಕಾಯುವುದಿಲ್ಲ.

ಆಂಬುಲೆನ್ಸ್‌ನ ವಿಷಯವೂ ಇದೇ. 2008ರ ನವೆಂಬರ್ 1ರಂದು ನಮ್ಮ ರಾಜ್ಯದಲ್ಲಿ 108 ಆರೋಗ್ಯ ಕವಚ ಶುರುವಾದಾಗ ಹಳ್ಳಿಗಳಿಗೆ ಅದು ದೊಡ್ಡ ಆಸರೆಯಾಗಿತ್ತು, ಈಗಲೂ ಆಸರೆಯೇ. ಆದರೆ ಹೋಬಳಿಗೆ ಇರುವ ಒಂದೇ ವಾಹನ ಒಬ್ಬ ರೋಗಿಯನ್ನು ಜಿಲ್ಲಾ ಕೇಂದ್ರಕ್ಕೆ ಬಿಟ್ಟು ವಾಪಸು ಬರಲು ನಾಲ್ಕು ಗಂಟೆ ಬೇಕು. ಆ ನಾಲ್ಕು ಗಂಟೆ ಉಳಿದ ಊರುಗಳಿಗೆ ವಾಹನವಿಲ್ಲ. ಅವತ್ತು ಚಿಕ್ಕಪ್ಪ ಕಾದದ್ದು ಬಹುಶಃ ಇಂಥದೇ ಇನ್ನೊಂದು ಚೀಟಿಯ ಕಾರಣಕ್ಕೆ. ಇಲ್ಲೇ ಆಗುವುದನ್ನು ಇಲ್ಲೇ ಮಾಡಿದರೆ ಉಳಿಯುವುದು ಒಬ್ಬರ ಜೀವ ಮಾತ್ರವಲ್ಲ, ಮುಂದಿನವರ ಪಾಲಿನ ಆಂಬುಲೆನ್ಸ್ ಕೂಡ.

ಇದು ದಯೆಯ ಮಾತಲ್ಲ

ತುರ್ತು ಚಿಕಿತ್ಸೆ ಸರ್ಕಾರ ಕೈಲಾದಾಗ ಕೊಡುವ ಉಪಕಾರ ಎಂದು ನಮ್ಮ ಜನ ತಿಳಿದಿದ್ದಾರೆ. ಹಾಗಲ್ಲ. ಪಶ್ಚಿಮ ಬಂಗಾಳದಲ್ಲಿ 1992ರಲ್ಲಿ ರೈಲಿನಿಂದ ಬಿದ್ದು ತಲೆಗೆ ಪೆಟ್ಟಾದ ಒಬ್ಬ ಕೃಷಿ ಕಾರ್ಮಿಕನನ್ನು ಮೊದಲು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ, ಅಲ್ಲಿಂದ ಕೋಲ್ಕತ್ತದ ಒಂದು ಸರ್ಕಾರಿ ಆಸ್ಪತ್ರೆಗೆ, ಅಲ್ಲಿಂದ ಇನ್ನೊಂದಕ್ಕೆ ಹೀಗೆ ಅಲೆದಾಡಿಸಿದರು. ಸೌಲಭ್ಯವಿಲ್ಲ, ಹಾಸಿಗೆ ಇಲ್ಲ ಎಂಬುದೇ ಉತ್ತರ. ಕೊನೆಗೆ ದುಡ್ಡು ಕೊಟ್ಟು ಖಾಸಗಿ ಆಸ್ಪತ್ರೆಗೆ ಸೇರಬೇಕಾಯಿತು. ಕೃಷಿ ಕಾರ್ಮಿಕರ ಸಂಘಟನೆಯೊಂದು ಅವರ ಪರವಾಗಿ ಸುಪ್ರೀಂ ಕೋರ್ಟಿಗೆ ಹೋಯಿತು. 1996ರ ತೀರ್ಪಿನಲ್ಲಿ ಕೋರ್ಟು ಹೇಳಿದ್ದು ಸ್ಪಷ್ಟ: ಸರ್ಕಾರಿ ಆಸ್ಪತ್ರೆ ಸಕಾಲಕ್ಕೆ ತುರ್ತು ಚಿಕಿತ್ಸೆ ಕೊಡದಿದ್ದರೆ ಅದು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಉಲ್ಲಂಘನೆ. ದುಡ್ಡಿಲ್ಲ ಎಂಬ ನೆಪ ನಡೆಯದು. ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲೂ ರೋಗಿಯ ಸ್ಥಿತಿಯನ್ನು ಹತೋಟಿಗೆ ತರುವಷ್ಟು ಸೌಲಭ್ಯ ಇರಬೇಕು ಎಂದೂ ಅದೇ ತೀರ್ಪು ಹೇಳಿತು. ಅದಕ್ಕೂ ಮೊದಲು, 1989ರಲ್ಲೇ, ಗಾಯಾಳುವಿನ ಜೀವ ಉಳಿಸುವುದು ಸರ್ಕಾರಿಯಿರಲಿ ಖಾಸಗಿಯಿರಲಿ ಪ್ರತಿ ವೈದ್ಯರ ಹೊಣೆ, ಪೊಲೀಸು ಕೇಸಿನ ಕಾಗದಪತ್ರ ಆಮೇಲೆ ಎಂದು ಅದೇ ಕೋರ್ಟು ಹೇಳಿತ್ತು.

ಅಂದರೆ ನಾವು ಕೇಳುತ್ತಿರುವುದು ಹೊಸದೇನಲ್ಲ. ಸುಮಾರು ಮೂವತ್ತು ವರ್ಷದ ಹಿಂದೆಯೇ ನಮ್ಮದೆಂದು ತೀರ್ಮಾನವಾಗಿರುವುದನ್ನು.

ಆಗುತ್ತದೆ ಎಂಬುದಕ್ಕೆ ಸಾಕ್ಷಿ

ಸಣ್ಣ ಆಸ್ಪತ್ರೆಗಳಲ್ಲಿ ಇದೆಲ್ಲ ಆಗದ ಮಾತು ಎನ್ನುವವರಿಗೆ ನಮ್ಮ ರಾಜ್ಯದ್ದೇ ಉತ್ತರವಿದೆ. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ಹೃದಯಾಘಾತದಿಂದ ತೀರಿಕೊಂಡಾಗ ಅವರಿಗೆ 46 ವರ್ಷ. ದೊಡ್ಡ ಆಸ್ಪತ್ರೆಗಳ ನಡುವೆಯೇ ಇದ್ದವರಿಗೂ ಸಮಯ ಸಾಲದೆ ಹೋಗಬಹುದು ಎಂಬುದು ಇಡೀ ರಾಜ್ಯಕ್ಕೆ ಅಂದು ಅರ್ಥವಾಯಿತು. ಅವರ ಹೆಸರಿನಲ್ಲಿ ಆಮೇಲೆ ಬಂದ ‘ಹೃದಯ ಜ್ಯೋತಿ’ ಯೋಜನೆಯ ಮೂಲ ವಿಚಾರ ಸರಳ. ಎದೆನೋವು ಎಂದು ತಾಲ್ಲೂಕು ಆಸ್ಪತ್ರೆಗೆ ಬಂದವರಿಗೆ ಅಲ್ಲೇ ಇಸಿಜಿ. ಅದು ಆನ್‌ಲೈನಿನಲ್ಲಿ ಜಯದೇವದಂಥ ದೊಡ್ಡ ಆಸ್ಪತ್ರೆಯ ಹೃದ್ರೋಗ ತಜ್ಞರಿಗೆ ಹೋಗುತ್ತದೆ. ಅವರು ಹೌದು ಎಂದರೆ ರಕ್ತನಾಳದ ಹೆಪ್ಪು ಕರಗಿಸುವ ದುಬಾರಿ ಚುಚ್ಚುಮದ್ದನ್ನು ತಾಲ್ಲೂಕು ಆಸ್ಪತ್ರೆಯಲ್ಲೇ ಉಚಿತವಾಗಿ ಕೊಡುತ್ತಾರೆ. ಕೊಟ್ಟ ಮೇಲೆ ಮುಂದಕ್ಕೆ ಕಳಿಸುತ್ತಾರೆ.

ಇಲ್ಲಿ ತಾಲ್ಲೂಕಿಗೆ ಹೃದ್ರೋಗ ತಜ್ಞರನ್ನು ಕರೆತರಲಿಲ್ಲ. ಅಲ್ಲಿದ್ದ ಡಾಕ್ಟರ ಬೆನ್ನ ಹಿಂದೆ ಒಬ್ಬ ತಜ್ಞರನ್ನು ನಿಲ್ಲಿಸಿದರು, ಅಷ್ಟೇ. ‘ಕೊಡಿ, ನಾನಿದ್ದೇನೆ’ ಎನ್ನುವ ಒಂದು ದನಿ. ಆ ಸಂಜೆ ನಮ್ಮ ಹೋಬಳಿಯ ಡಾಕ್ಟರಿಗೆ ಬೇಕಾಗಿದ್ದುದೂ ಅದೇ. ಹೃದಯಕ್ಕೆ ಆಗುವುದು ಹಾವು ಕಡಿತಕ್ಕೆ, ವಿಷಕ್ಕೆ, ಬಾಣಂತಿಯ ರಕ್ತಸ್ರಾವಕ್ಕೆ ಏಕೆ ಆಗಬಾರದು? ಹಾವು ಕಚ್ಚಿ ಸತ್ತ ರೈತನ ಮನೆಗೆ ಪರಿಹಾರದ ಚೆಕ್ ತಲುಪಿಸುವ ವ್ಯವಸ್ಥೆ ನಮ್ಮಲ್ಲಿದೆ. ಅವನು ಬದುಕಿದ್ದಾಗ ಒಂದು ಫೋನ್ ಕರೆ ತಲುಪಿಸುವ ವ್ಯವಸ್ಥೆ ಅದಕ್ಕಿಂತ ದುಬಾರಿಯೇನಲ್ಲ.

ನಾವು ಕೇಳುವುದು ಇಷ್ಟು

ಒಂದು, ಪ್ರತಿ ಸಮುದಾಯ ಆರೋಗ್ಯ ಕೇಂದ್ರದಲ್ಲಿ ಮೊದಲ ಗಂಟೆಗೆ ಬೇಕಾದ ಮದ್ದು, ಸಾಮಾನುಗಳೆಲ್ಲ ಒಂದೇ ಟ್ರೇಯಲ್ಲಿ ಇರಲಿ. ಬೀರುವಿನ ಬೀಗದ ಕೈ ಫಾರ್ಮಸಿಯವರ ಜೇಬಿನಲ್ಲಿ, ಫಾರ್ಮಸಿಯವರು ಊರಿನಲ್ಲಿ ಎಂಬ ಸ್ಥಿತಿ ಬೇಡ. ಪಾಳಿ ಬದಲಾದಾಗಲೆಲ್ಲ ಸಿಸ್ಟರು ಎಣಿಸಿ ಸಹಿ ಹಾಕಲಿ.

ಎರಡು, ಜಿಲ್ಲೆಗೆ ಒಂದು ಫೋನ್ ನಂಬರ್ ಇರಲಿ. ರಾತ್ರಿ ಎರಡು ಗಂಟೆಗೆ ಕರೆ ಮಾಡಿದರೂ ಜಿಲ್ಲಾಸ್ಪತ್ರೆಯ ಒಬ್ಬ ಹಿರಿಯ ವೈದ್ಯರು ಎತ್ತಬೇಕು, ಸಲಹೆ ಕೊಡಬೇಕು. ಕೊಟ್ಟ ಸಲಹೆ ದಾಖಲಾಗಬೇಕು, ಹೊಣೆಯಲ್ಲಿ ಅವರದೂ ಪಾಲಿರಬೇಕು.

ಮೂರು, ಹೊಸದಾಗಿ ಬಂದ ಡಾಕ್ಟರು, ಸಿಸ್ಟರುಗಳನ್ನು ಕೆಲಸಕ್ಕೆ ಹಚ್ಚುವ ಮುನ್ನ ಕೆಲವು ದಿನ ಜಿಲ್ಲಾಸ್ಪತ್ರೆಯ ತುರ್ತು ವಿಭಾಗದಲ್ಲಿ ನಿಲ್ಲಿಸಿ. ತಮ್ಮ ಕೈಯಿಂದ ಒಮ್ಮೆ ಪ್ರತಿವಿಷ ಕೊಟ್ಟವರು ಎರಡನೇ ಸಲ ಹೆದರುವುದಿಲ್ಲ. ಮಳೆಗಾಲಕ್ಕೆ ಮುಂಚೆ ಪ್ರತಿ ವರ್ಷ ಇದನ್ನು ಮತ್ತೊಮ್ಮೆ ಮಾಡಿಸಬೇಕು.

ನಾಲ್ಕು, ರೆಫರ್ ಚೀಟಿಯಲ್ಲಿ ‘ಹೆಚ್ಚಿನ ಚಿಕಿತ್ಸೆಗೆ’ ಎಂದಷ್ಟೇ ಬರೆದರೆ ಸಾಲದು. ರೋಗಿ ಬಂದ ಸಮಯ, ಕೊಟ್ಟ ಮದ್ದು, ಕೊಡದಿದ್ದರೆ ಕಾರಣ, ಹೊರಟ ಸಮಯ, ಮುಂದಿನ ಆಸ್ಪತ್ರೆಯಲ್ಲಿ ಯಾರೊಂದಿಗೆ ಮಾತಾಡಿದರು ಎಂಬ ಐದು ಸಾಲು ಕಡ್ಡಾಯವಾಗಿ ಇರಲಿ. ತಿಂಗಳಿಗೊಮ್ಮೆ ಈ ಚೀಟಿಗಳನ್ನು ಹರಡಿಕೊಂಡು ಕೂತು ನೋಡಲಿ, ಶಿಕ್ಷೆಗೆ ಅಲ್ಲ, ಎಲ್ಲಿ ಕೈ ತಪ್ಪಿತು ಎಂದು ತಿಳಿಯಲು.

ಐದು, ರಾತ್ರಿ ಪಾಳಿಗೆ ಹಗಲೆಲ್ಲ ದುಡಿದ ಡಾಕ್ಟರನ್ನೇ ಉಳಿಸಬೇಡಿ. ಕಾವಲಿಗೆ ಒಬ್ಬರನ್ನು ಕೊಡಿ. ವೈದ್ಯ ಸಿಬ್ಬಂದಿಯ ಮೇಲಿನ ಹಲ್ಲೆ ತಡೆಯಲು 2009ರಿಂದಲೇ ನಮ್ಮ ರಾಜ್ಯದಲ್ಲಿ ಕಾಯ್ದೆ ಇದೆ. ಕಾಯ್ದೆ ಇದ್ದರೆ ಸಾಲದು, ಬಾಗಿಲಲ್ಲಿ ಒಬ್ಬ ಮನುಷ್ಯ ಬೇಕು.

ಈ ಐದರಲ್ಲಿ ಹೊಸ ಕಟ್ಟಡ ಒಂದೂ ಇಲ್ಲ ಎಂಬುದನ್ನು ಗಮನಿಸಿ. ನಮ್ಮ ಜನಪ್ರತಿನಿಧಿಗಳಿಗೆ ಕಟ್ಟಡ ಎಂದರೆ ಪ್ರೀತಿ, ಶಂಕುಸ್ಥಾಪನೆ ಇರುತ್ತದೆ, ಕಲ್ಲಿನಲ್ಲಿ ಹೆಸರು ಇರುತ್ತದೆ. ಅಡ್ರಿನಲಿನ್ ತುಂಬಿದ ಸಿರಿಂಜಿಗೆ ಯಾರೂ ಟೇಪು ಕತ್ತರಿಸುವುದಿಲ್ಲ.

ನಮ್ಮ ಪಾಲು

ಬರೀ ಸರ್ಕಾರಕ್ಕೆ ಹೇಳಿ ಕೈತೊಳೆದುಕೊಳ್ಳಲು ನಮಗೆ ಮನಸ್ಸಿಲ್ಲ. ಊರಿನವರಾಗಿ ನಮ್ಮ ಪಾಲೂ ಇದೆ. ಹಾವು ಕಚ್ಚಿದರೆ ಕಾಲು ಅಲ್ಲಾಡಿಸದೆ ನೇರ ಆಸ್ಪತ್ರೆಗೆ ಹೋಗುವುದು, ಬಿಗಿಯಾಗಿ ಕಟ್ಟು ಹಾಕದಿರುವುದು. ನೆಲದ ಮೇಲೆ ಮಲಗಿದ್ದವರಿಗೆ ಬೆಳಗಿನ ಜಾವ ಕಾರಣವಿಲ್ಲದೆ ಹೊಟ್ಟೆನೋವು ಬಂದು ರೆಪ್ಪೆ ಇಳಿಬಿದ್ದರೆ, ಗಾಯ ಕಾಣದಿದ್ದರೂ ಕಟ್ಟುಹಾವಿನ ಅನುಮಾನ ಪಡುವುದು. ಆಸ್ಪತ್ರೆಯಲ್ಲಿ ಕೈ ಎತ್ತುವುದು ಬಿಟ್ಟು ಬಾಯಿಬಿಟ್ಟು ಕೇಳುವುದು: ‘ಡಾಕ್ಟ್ರೇ, ಕಳಿಸುವ ಮುಂಚೆ ಇಲ್ಲೇ ಕೊಡಬೇಕಾದ್ದು ಏನಾದರೂ ಇದೆಯಾ?’ ಈ ಒಂದು ಪ್ರಶ್ನೆ ಆ ಸಂಜೆ ನಮ್ಮ ಬಾಯಿಗೆ ಬಂದಿದ್ದರೆ ಎಂದು ಈಗಲೂ ಅನಿಸುತ್ತದೆ. ನಾವಿಬ್ಬರೂ ಅಲ್ಲೇ ನಿಂತಿದ್ದೆವು, ಓದಿದವರು. ಆಂಬುಲೆನ್ಸ್ ಎಲ್ಲಿಗೆ ಬಂತು ಎಂದು ಫೋನು ಮಾಡುವುದರಲ್ಲೇ ಇದ್ದೆವು.

ಪ್ರತಿ ಸರ್ಕಾರಿ ಆಸ್ಪತ್ರೆಗೂ ಆರೋಗ್ಯ ರಕ್ಷಾ ಸಮಿತಿ ಎಂದು ಒಂದಿದೆ. ಸಣ್ಣಪುಟ್ಟ ಖರ್ಚಿಗೆ ಅದರ ಬಳಿ ಹಣವೂ ಇರುತ್ತದೆ. ನಿಮ್ಮ ಊರಿನ ಸಮಿತಿಯಲ್ಲಿ ಯಾರಿದ್ದಾರೆ, ಕೊನೆಯ ಸಭೆ ಯಾವಾಗ ಆಯಿತು ಎಂದು ಕೇಳಿ ನೋಡಿ. ಹತ್ತು ರೂಪಾಯಿಯ ಮಾಹಿತಿ ಹಕ್ಕು ಅರ್ಜಿ ಹಾಕಿ, ಕಳೆದ ವರ್ಷ ತುರ್ತು ವಿಭಾಗಕ್ಕೆ ಎಷ್ಟು ಜನ ಬಂದರು, ಎಷ್ಟು ಜನರನ್ನು ಮುಂದಕ್ಕೆ ಕಳಿಸಿದರು, ಪ್ರತಿವಿಷ ಎಷ್ಟು ಬಂತು, ಎಷ್ಟು ಬಳಕೆಯಾಯಿತು ಎಂದು ಕೇಳಿ. ರೋಗಿಗಳ ಹೆಸರು ಬೇಡ, ಸಂಖ್ಯೆ ಸಾಕು. ಬಂದ ಪ್ರತಿವಿಷ ಬಳಕೆಯಾಗದೆ ಅವಧಿ ಮೀರುತ್ತಿದ್ದರೆ, ಅದೇ ಊರಿನಿಂದ ಹಾವು ಕಚ್ಚಿದವರು ಜಿಲ್ಲಾಸ್ಪತ್ರೆಗೆ ಹೋಗುತ್ತಿದ್ದರೆ, ಆ ಎರಡು ಸಂಖ್ಯೆಗಳೇ ಒಂದು ಸುದ್ದಿ. ನಮ್ಮ ಹೋಬಳಿಗೆ ನಾವು ಅರ್ಜಿ ಹಾಕಿದ್ದೇವೆ. ಉತ್ತರ ಬಂದ ದಿನ ಇಲ್ಲೇ ಬರೆಯುತ್ತೇವೆ, ಅದು ನಮ್ಮ ಆಸ್ಪತ್ರೆಯನ್ನು ಮೆಚ್ಚುವ ಉತ್ತರವಾದರೂ ಸರಿಯೇ.

ಇನ್ನು ನಮ್ಮ ಕಸುಬಿನ ಮಾತು. ನಮ್ಮ ಗುಂಪಿನವರು ಒಂದು ಕಟ್ಟು ಮಾಡಿಕೊಂಡಿದ್ದೇವೆ. ಇನ್ನು ಮುಂದೆ ಇಂಥ ಸುದ್ದಿ ಬರೆಯುವಾಗ ಮೂರು ಸಮಯಗಳನ್ನು ಕೇಳಿಯೇ ಬರೆಯುತ್ತೇವೆ: ಘಟನೆ ಆದ ಸಮಯ, ಮೊದಲ ಆಸ್ಪತ್ರೆ ಮುಟ್ಟಿದ ಸಮಯ, ಮೊದಲ ಮದ್ದು ಕೊಟ್ಟ ಸಮಯ. ಸಂಪಾದಕೀಯ ಮೇಜಿನಲ್ಲಿ ಒಂದು ಸಾಲು ಕತ್ತರಿಸಬೇಕಾದರೆ ಬೇರೆ ಯಾವುದನ್ನಾದರೂ ಕತ್ತರಿಸಲಿ. ಚೆನ್ನಾಗಿ ಮಾಡಿದ ಡಾಕ್ಟರು, ಸಿಸ್ಟರುಗಳ ಸುದ್ದಿಯನ್ನೂ ಅದೇ ಮೂರು ಸಮಯದೊಂದಿಗೆ ಬರೆಯುತ್ತೇವೆ. ಅಂಥವರು ಇದ್ದಾರೆ, ಅವರ ಕೆಲಸ ಸುದ್ದಿಯಾಗುವುದಿಲ್ಲ, ಏಕೆಂದರೆ ಅಲ್ಲಿ ಯಾರೂ ಸತ್ತಿರುವುದಿಲ್ಲ.

ಮೊನ್ನೆ ಚಿಕ್ಕಪ್ಪನನ್ನು ನೋಡಲು ಹೋಗಿದ್ದೆವು. ಜಗಲಿಯ ಮೇಲೆ ಕೂತು ತೆಂಗಿನ ಗರಿ ಸೀಳುತ್ತಿದ್ದರು. ಗದ್ದೆಗೆ ಈ ವರ್ಷ ಚಿಕ್ಕಮ್ಮ ಮತ್ತು ಮಗ ಇಳಿಯುತ್ತಾರಂತೆ, ಗಮ್‌ಬೂಟು ತಂದಿಟ್ಟಿದ್ದಾರೆ. ಈ ಬರಹದ ವಿಷಯ ಹೇಳಿದೆವು. ಆ ಡಾಕ್ಟರ ಹೆಸರು ಹಾಕಬೇಡಿ ಎಂದರು. ‘ಹುಡುಗ ಒಬ್ಬನೇ ಇದ್ದ ಕಣ್ರೋ, ಅವನ ಕೈಯೂ ನಡುಗ್ತಿತ್ತು’ ಎಂದರು.

ಮುಂದಿನ ಮಳೆಗಾಲಕ್ಕೆ ಆ ಹುಡುಗ ಒಬ್ಬನೇ ಇರಬಾರದು. ನಾವು ಕೇಳುತ್ತಿರುವುದು ಅಷ್ಟೇ.